ಮ್ಯಾರಥಾನ್ ತಯಾರಿಯನ್ನು ಇಕ್ಕಟ್ಟಿನ ವಾರದಿಂದ ಆರಂಭಿಸಿ

ಪ್ರಶ್ನೆ: ನನಗೆ 42 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದೇನೆ. ಎರಡನೇ ಮತ್ತು ನಾಲ್ಕನೇ ಶನಿವಾರ ಬಿಟ್ಟರೆ ಭಾನುವಾರ ಮಾತ್ರ ರಜೆ. ಪತ್ನಿ ಆಸ್ಪತ್ರೆಯೊಂದರಲ್ಲಿ ನರ್ಸ್, ಆಕೆಗೆ ಪಾಳಿಯ ಕೆಲಸ. ಮಗಳು ಈ ವರ್ಷ ಹತ್ತನೇ ತರಗತಿ. ಸಕ್ಕರೆ ಕಾಯಿಲೆಯಿರುವ ತಂದೆಯವರು ನಮ್ಮೊಂದಿಗೇ ಇದ್ದಾರೆ. ಎರಡು ಹಾಫ್ ಮ್ಯಾರಥಾನ್ ಓಡಿದ್ದೇನೆ, ಉತ್ತಮ ಸಮಯ 2 ಗಂಟೆ 20 ನಿಮಿಷ. ಬರುವ ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದು, ನಾಲ್ಕೂವರೆ ಗಂಟೆಯಲ್ಲಿ ಮುಗಿಸಬೇಕೆಂಬ ಆಸೆಯಿದೆ. ಅಂತರ್ಜಾಲದಿಂದ ಇಳಿಸಿಕೊಂಡ 16 ವಾರಗಳ ತರಬೇತಿ ಪಟ್ಟಿ ವಾರಕ್ಕೆ ಐದು ದಿನ ಓಟ, ಎರಡು ದಿನ ಜಿಮ್ ಕೇಳುತ್ತದೆ. ರೂಢಿಯಾಗಲೆಂದು ಕಳೆದ ತಿಂಗಳಿನಿಂದಲೇ ಆರಂಭಿಸಿದೆ. ಒಂದು ವಾರವೂ ಪೂರ್ತಿಯಾಗಿಲ್ಲ. ನಿದ್ರೆ ಐದೂವರೆ ಗಂಟೆಗೆ ಇಳಿದಿದೆ, ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತದೆ, ಮನೆಯಲ್ಲಿಯೂ ಅಸಮಾಧಾನ. ಓಟ ಬಿಡಬೇಕೇ, ಅಥವಾ ಎಲ್ಲವನ್ನೂ ಸರಿದೂಗಿಸುವ ದಾರಿ ಇದೆಯೇ?

ಉತ್ತರ: ಓಟವನ್ನು ಬಿಡಬೇಕಾಗಿಲ್ಲ. ಬಿಡಬೇಕಾದುದು ಆ ಪಟ್ಟಿಯನ್ನು ಮತ್ತು ನಾಲ್ಕೂವರೆ ಗಂಟೆಯ ಗುರಿಯನ್ನು. ಗುರಿಯ ವಿಚಾರವನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ನೀವು ಹೇಳಿರುವ ತೊಂದರೆಗಳಲ್ಲಿ ಅರ್ಧದಷ್ಟು ಅಲ್ಲಿಂದಲೇ ಹುಟ್ಟಿವೆ. 42.195 ಕಿಲೋಮೀಟರನ್ನು ನಾಲ್ಕೂವರೆ ಗಂಟೆಯಲ್ಲಿ ಮುಗಿಸಬೇಕಾದರೆ ಪ್ರತಿ ಕಿಲೋಮೀಟರನ್ನು 6 ನಿಮಿಷ 24 ಸೆಕೆಂಡಿನಲ್ಲಿ ಓಡಬೇಕು. ನಿಮ್ಮ ಹಾಫ್ ಮ್ಯಾರಥಾನಿನ ಸರಾಸರಿ 6 ನಿಮಿಷ 38 ಸೆಕೆಂಡು. ಅಂದರೆ ಇದುವರೆಗೆ ಓಡಿರುವ ದೂರದ ಇಮ್ಮಡಿಯನ್ನು ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಲು ನೀವು ಹೊರಟಿದ್ದೀರಿ. ಒಂದು ದೂರದ ಸಮಯದಿಂದ ಮತ್ತೊಂದು ದೂರದ ಸಮಯವನ್ನು ಅಂದಾಜು ಮಾಡಲು ಪೀಟರ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ ಕೊಟ್ಟ ಸೂತ್ರವೊಂದು ಓಟಗಾರರಲ್ಲಿ ಬಳಕೆಯಲ್ಲಿದೆ. ದೂರ ಎರಡು ಪಟ್ಟಾದಾಗ ಸಮಯ ಸುಮಾರು 2.085 ಪಟ್ಟಾಗುತ್ತದೆ ಎಂಬ ಆ ಲೆಕ್ಕದಲ್ಲಿ ನಿಮ್ಮ ಸಮಯ 4 ಗಂಟೆ 52 ನಿಮಿಷಕ್ಕೆ ಬರುತ್ತದೆ. ಅದೂ ವಾರವಾರವೂ ಸಾಕಷ್ಟು ದೂರ ಓಡಿ ಕಾಲು ಪಳಗಿಸಿಕೊಂಡವರಿಗೆ ಮಾತ್ರ ಸಿಗುವ ಸಮಯ. ನಿಮ್ಮ ಸಂದರ್ಭದಲ್ಲಿ 5 ಗಂಟೆಯಿಂದ 5 ಗಂಟೆ 15 ನಿಮಿಷದ ಒಳಗೆ, ನಗುಮುಖದಿಂದಲ್ಲದಿದ್ದರೂ ಸ್ವಂತ ಕಾಲಿನ ಮೇಲೆ ಮುಗಿಸುವುದೇ ಸರಿಯಾದ ಗುರಿ. ಇದನ್ನು ಒಪ್ಪಿಕೊಂಡರೆ ತರಬೇತಿಯ ಓಟಗಳ ವೇಗವೂ ತಾನಾಗಿಯೇ ಕೆಳಗಿಳಿಯುತ್ತದೆ, ಅದರ ಫಲ ಏನೆಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ಪಟ್ಟಿ. ಸಿದ್ಧ ಪಟ್ಟಿಗಳೆಲ್ಲವೂ ಕೆಟ್ಟವೆಂದು ನಾನು ಹೇಳುವುದಿಲ್ಲ. ಅವುಗಳನ್ನು ಬರೆದವರ ಕಣ್ಣ ಮುಂದೆ ಇರುವುದು ಓಟಗಾರನೊಬ್ಬನ ಅತ್ಯುತ್ತಮ ವಾರ: ಆಡಿಟ್ ಇಲ್ಲ, ಮಗುವಿಗೆ ಜ್ವರವಿಲ್ಲ, ಊರಿನಿಂದ ಯಾರೂ ಬಂದಿಲ್ಲ, ಹೆಂಡತಿಗೆ ರಾತ್ರಿ ಪಾಳಿಯಿಲ್ಲ. ಅಂಥ ವಾರ ನಿಮ್ಮ ಮನೆಯಲ್ಲಿ ತಿಂಗಳಿಗೆ ಒಂದು ಬಂದರೆ ಹೆಚ್ಚು. ಆದ್ದರಿಂದ ಉಳಿದ ಮೂರು ವಾರ ನೀವು ಪಟ್ಟಿಗೆ ಸಾಲಗಾರರಾಗಿ ಉಳಿಯುತ್ತೀರಿ, ತಪ್ಪಿದ ಓಟಗಳನ್ನು ಭಾನುವಾರಕ್ಕೆ ತುರುಕುತ್ತೀರಿ, ಮಂಡಿ ಬೇಡವೆನ್ನುತ್ತದೆ. ನನ್ನ ಬಳಿ ಬರುವ ಉದ್ಯೋಗಸ್ಥರಿಗೆ ನಾನು ಮೊದಲು ಕೊಡುವ ಕೆಲಸ ಇದಕ್ಕೆ ತಿರುಗುಮುರುಗಾದದ್ದು. ಕಳೆದ ಮೂರು ತಿಂಗಳಲ್ಲಿ ಅತ್ಯಂತ ಇಕ್ಕಟ್ಟಿನ ವಾರ ಯಾವುದಾಗಿತ್ತೆಂದು ನೆನಪಿಸಿಕೊಳ್ಳಿ, ಆ ವಾರದಲ್ಲಿಯೂ ಯಾರ ಮೇಲೂ ಭಾರ ಹೇರದೆ ಎಷ್ಟು ಓಡಲು ಸಾಧ್ಯವಿತ್ತೆಂದು ಬರೆಯಿರಿ, ಅದೇ ನಿಮ್ಮ ಬುನಾದಿ. ಒಳ್ಳೆಯ ವಾರ ಬಂದಾಗ ಅದರ ಮೇಲೆ ಸೇರಿಸೋಣ. ಸೇರಿಸುವುದು ಸುಲಭ, ಪ್ರತಿ ವಾರ ಕಳೆಯುತ್ತಾ ಹೋಗುವುದರಿಂದಲೇ ಉತ್ಸಾಹ ಸಾಯುವುದು.

ಇಷ್ಟು ಕಡಿಮೆ ಓಡಿದರೆ ಗಳಿಸಿದ್ದೆಲ್ಲ ಕರಗಿಹೋಗುತ್ತದೆ ಎಂಬ ಭಯ ನಿಮ್ಮಲ್ಲಿ ಏಳುವುದು ಸಹಜ. ಇದಕ್ಕೆ ಹಳೆಯದಾದರೂ ಗಟ್ಟಿಯಾದ ಉತ್ತರವಿದೆ. 1980ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಮತ್ತು ಸಂಗಡಿಗರು ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷದಂತೆ ಹತ್ತು ವಾರ ಕಠಿಣ ತರಬೇತಿ ಪಡೆದವರನ್ನು ತೆಗೆದುಕೊಂಡು, ಅನಂತರದ 15 ವಾರಗಳ ಕಾಲ ಕೆಲವರಿಗೆ ವಾರಕ್ಕೆ ನಾಲ್ಕು ದಿನ, ಕೆಲವರಿಗೆ ಎರಡೇ ದಿನ ತರಬೇತಿ ಕೊಟ್ಟರು. ತೀವ್ರತೆಯನ್ನು ಇಳಿಸದಿದ್ದ ಕಾರಣ ಎರಡೂ ಗುಂಪಿನವರ ಆಮ್ಲಜನಕ ಬಳಸುವ ಸಾಮರ್ಥ್ಯ ಹಾಗೆಯೇ ಉಳಿಯಿತು. ಮತ್ತೊಂದು ಪ್ರಯೋಗದಲ್ಲಿ ತೀವ್ರತೆಯನ್ನೇ ತಗ್ಗಿಸಿದಾಗ ಆ ಸಾಮರ್ಥ್ಯ ಕುಸಿಯಿತು. ದಿನದ ಅವಧಿಯನ್ನು 13 ನಿಮಿಷಕ್ಕೆ ಇಳಿಸಿದವರಲ್ಲಿ ಆಮ್ಲಜನಕದ ಸಾಮರ್ಥ್ಯ ಉಳಿದರೂ ಬಹಳ ಹೊತ್ತು ತಾಳಿಕೊಳ್ಳುವ ಶಕ್ತಿ ಕುಗ್ಗಿತು. ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ನಿಮ್ಮ ಇಕ್ಕಟ್ಟಿನ ವಾರದ ರೂಪ ಸಿಗುತ್ತದೆ. 40 ನಿಮಿಷದ ಒಂದು ಓಟ, ಅದರ ನಡುವೆ ಮೂರು ಮೂರು ನಿಮಿಷದಂತೆ ಐದು ಬಾರಿ ಉಸಿರು ಬಿಗಿಯಾಗುವಷ್ಟು ವೇಗ; ಜೊತೆಗೆ 80ರಿಂದ 90 ನಿಮಿಷದ ನಿಧಾನದ ಓಟ ಒಂದು. ಇಷ್ಟೇ. ಇಂಥ ವಾರ ಎರಡು ಒಟ್ಟಿಗೆ ಬಂದರೂ ನೀವು ಏನನ್ನೂ ಕಳೆದುಕೊಳ್ಳುವುದಿಲ್ಲ, ಮೂರನೆಯ ವಾರ ಇದ್ದಲ್ಲಿಂದಲೇ ಮುಂದುವರಿಯಬಹುದು. ತಪ್ಪಿದ ಓಟಗಳನ್ನು ಮಾತ್ರ ಯಾವ ಕಾರಣಕ್ಕೂ ಮುಂದಿನ ವಾರಕ್ಕೆ ಹೊರಿಸಬಾರದು.

ಐದೂವರೆ ಗಂಟೆಯ ನಿದ್ರೆಯ ಬಗ್ಗೆ ನಾನು ರಾಜಿಗೆ ಸಿದ್ಧನಿಲ್ಲ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ಬೇಕೆಂಬುದು ವೈದ್ಯಕೀಯ ವಲಯದ ಸಾಮಾನ್ಯ ಶಿಫಾರಸು, ಮ್ಯಾರಥಾನ್ ತಯಾರಿ ನಡೆಸುವವರಿಗೆ ಅದು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಓಟದಿಂದ ದೇಹ ಬಲಗೊಳ್ಳುವುದು ಓಡುವಾಗ ಅಲ್ಲ, ಓಡಿದ ಮೇಲೆ ಸ್ನಾಯು ಮತ್ತು ಸ್ನಾಯುರಜ್ಜುಗಳು ದುರಸ್ತಿಗೊಳ್ಳುವಾಗ, ಮತ್ತು ಆ ದುರಸ್ತಿಯ ಬಹುಪಾಲು ನಡೆಯುವುದು ನಿದ್ರೆಯಲ್ಲಿ. ಶಾಖೆಯಿಂದ ಎಂಟು ಗಂಟೆಗೆ ಬಂದು, ಊಟ ಮುಗಿಸಿ, ಮಗಳ ಗಣಿತ ನೋಡಿ, ತಂದೆಯವರ ಮಾತ್ರೆ ಕೊಟ್ಟು ಮಲಗುವಾಗ ಹನ್ನೊಂದಾಗಿದ್ದರೆ, ಬೆಳಗಿನ ಜಾವ ನಾಲ್ಕೂವರೆಯ ಅಲಾರಾಂ ಶಿಸ್ತಿನ ಗುರುತಲ್ಲ. ಸರಳವಾದ ನಿಯಮವೊಂದನ್ನು ಹಾಕಿಕೊಳ್ಳಿ. ಹತ್ತೂಕಾಲರೊಳಗೆ ಹಾಸಿಗೆ ಸೇರಿದ ದಿನ ಮಾತ್ರ ಅಲಾರಾಂ ಇಡುವುದು, ಹನ್ನೊಂದು ದಾಟಿದರೆ ಮರುದಿನದ ಓಟ ಇಲ್ಲ. ಹದಿನೈದು ದಿನ ಹೀಗೆ ನಡೆದುಕೊಂಡರೆ ನಿಮಗೆ ವಾರಕ್ಕೆ ನಿಜವಾಗಿ ಎಷ್ಟು ಬೆಳಗ್ಗೆಗಳಿವೆ ಎಂಬುದು ತಿಳಿಯುತ್ತದೆ. ಬಹುಶಃ ಎರಡು, ಅಪರೂಪಕ್ಕೆ ಮೂರು. ಅಷ್ಟು ಸಾಕು. ಅಂದಹಾಗೆ, ನಾಲ್ಕೂವರೆಗೆ ಬೀದಿಗಿಳಿದರೆ ನಾಯಿಗಳ ಕಾಟ ಹೆಚ್ಚು, ಬೆಳಕೂ ಇರುವುದಿಲ್ಲ. ಐದೂವರೆಗೆ ಹೊರಟು ಮಾನಸಗಂಗೋತ್ರಿಯ ಕಡೆಗೋ ಕುಕ್ಕರಹಳ್ಳಿ ಕೆರೆಯ ಏರಿಯ ಕಡೆಗೋ ಹೋದವರು ಕಾಲು ಉಳುಕಿಸಿಕೊಳ್ಳುವುದೂ ಕಡಿಮೆ.

ದೇಹಕ್ಕೆ ಆಯಾಸದ ಮೂಲ ಯಾವುದೆಂಬ ಭೇದವಿಲ್ಲ. ಚಾಮುಂಡಿ ಬೆಟ್ಟದ ರಸ್ತೆ ಹತ್ತಿದ್ದಕ್ಕೂ, ಸಾಲ ವಸೂಲಾತಿಯ ಸಭೆಯಲ್ಲಿ ಎರಡು ಗಂಟೆ ಬೈಸಿಕೊಂಡದ್ದಕ್ಕೂ, ರಾತ್ರಿ ತಂದೆಯವರ ಸಕ್ಕರೆ ಇಳಿದು ಎಲ್ಲರೂ ಎದ್ದು ಕೂತದ್ದಕ್ಕೂ ಅದು ಒಂದೇ ಖಾತೆಯಿಂದ ಹಣ ತೆಗೆಯುತ್ತದೆ. ಬ್ಯಾಂಕಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಟದ ಭಾಗವನ್ನಾದರೂ ಅಳೆದುಕೊಳ್ಳಲು ಕಾರ್ಲ್ ಫಾಸ್ಟರ್ ಎಂಬ ವ್ಯಾಯಾಮ ವಿಜ್ಞಾನಿ ರೂಢಿಗೆ ತಂದ ವಿಧಾನವೊಂದಿದೆ, ಅದಕ್ಕೆ ದುಬಾರಿ ಗಡಿಯಾರ ಬೇಕಿಲ್ಲ. ಓಡಿ ಬಂದು ಅರ್ಧ ಗಂಟೆಯಾದ ಮೇಲೆ ಒಟ್ಟಾರೆ ಎಷ್ಟು ಕಷ್ಟವೆನಿಸಿತೆಂದು ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಟ್ಟು, ಅದನ್ನು ಓಡಿದ ನಿಮಿಷಗಳಿಂದ ಗುಣಿಸಿ. 45 ನಿಮಿಷದ ಹಗುರವಾದ ಓಟಕ್ಕೆ 3 ಅಂಕವಾದರೆ ಹೊರೆ 135. ನಿದ್ರೆಗೆಟ್ಟು ಬಂದ ದಿನ ಅದೇ ದಾರಿ, ಅದೇ ವೇಗ, ಆದರೆ ಅಂಕ 6 ಆಗಿ ಹೊರೆ 270ಕ್ಕೆ ಏರುತ್ತದೆ. ಕಿಲೋಮೀಟರ್ ಲೆಕ್ಕದಲ್ಲಿ ಕಾಣಿಸದೇ ಹೋಗುವ ಈ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ. ವಾರದ ಮೊತ್ತವನ್ನು ಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಓಟ ಹೆಚ್ಚಾಗದೆಯೇ ಮೊತ್ತ ಹೆಚ್ಚುತ್ತಿದ್ದರೆ, ಅದು ಕಡಿಮೆ ಮಾಡಬೇಕಾದ ವಾರ.

ಈಗ ದಿನಗಳ ಹಂಚಿಕೆ. ನಿಮ್ಮ ಜೀವನ ಏಳು ದಿನಗಳ ಲಯದಲ್ಲಿ ನಡೆಯುತ್ತಿಲ್ಲ, ಆದ್ದರಿಂದ ತರಬೇತಿಯನ್ನೂ ಏಳು ದಿನಕ್ಕೆ ಕಟ್ಟಬೇಡಿ. ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆ ಹದಿನಾಲ್ಕು ದಿನಗಳ ಚಕ್ರವೊಂದನ್ನು ನಿಮ್ಮ ಕೈಗೇ ಕೊಟ್ಟಿದೆ. ಆ ಎರಡು ಶನಿವಾರಗಳಲ್ಲಿ ಉದ್ದದ ಓಟ, ಮರುದಿನದ ಭಾನುವಾರ ಪೂರ್ತಿ ಮನೆಗೆ. ನಡುವಿನ ವಾರದ ಭಾನುವಾರ ಬೆಳಗ್ಗೆ 90 ನಿಮಿಷದ ಓಟ, ಎಂಟಕ್ಕೆ ಮುಂಚೆ ವಾಪಸ್. ಕೆಲಸದ ದಿನಗಳಲ್ಲಿ ವಾರಕ್ಕೆ ಎರಡು: ಒಂದು 45 ನಿಮಿಷದ ಹಗುರವಾದದ್ದು, ಮತ್ತೊಂದು ಮೇಲೆ ಹೇಳಿದ ವೇಗದ ತುಣುಕುಗಳಿರುವ 45ರಿಂದ 50 ನಿಮಿಷದ್ದು. ಮೂರನೆಯ ಬೆಳಗ್ಗೆ ಸಿಕ್ಕರೆ 30 ನಿಮಿಷ, ಸಿಗದಿದ್ದರೆ ಚಿಂತೆಯಿಲ್ಲ. ಉದ್ದದ ಓಟವನ್ನು ಕಿಲೋಮೀಟರಿನಿಂದಲ್ಲ, ಗಡಿಯಾರದಿಂದ ಅಳೆಯಿರಿ. ಈಗ ಎರಡು ಗಂಟೆಯಿಂದ ಆರಂಭಿಸಿ, ಒಂದೊಂದು ಚಕ್ರಕ್ಕೂ 15 ನಿಮಿಷ ಸೇರಿಸುತ್ತಾ 3 ಗಂಟೆ 15 ನಿಮಿಷಕ್ಕೆ ನಿಲ್ಲಿಸಿ. ಕಿಲೋಮೀಟರಿಗೆ ಏಳೂವರೆ ನಿಮಿಷದ ವೇಗದಲ್ಲಿ ಅದು 26 ಕಿಲೋಮೀಟರ್ ಆಗುತ್ತದೆ. ಮುಂಬೈಗೆ ಮುನ್ನ 32 ಓಡಲೇಬೇಕು, 35 ಓಡಲೇಬೇಕು ಎಂದು ಹೇಳುವವರು ನಿಮ್ಮ ಓಟದ ಗುಂಪಿನಲ್ಲಿ ಖಂಡಿತ ಇರುತ್ತಾರೆ. ಎರಡೂವರೆ ಗಂಟೆಯಲ್ಲಿ 30 ಕಿಲೋಮೀಟರ್ ಮುಗಿಸುವವರಿಗೆ ಆ ಮಾತು ಸರಿ. ಅದೇ ದೂರಕ್ಕೆ ನಾಲ್ಕು ಗಂಟೆಯ ಹತ್ತಿರ ತೆಗೆದುಕೊಳ್ಳುವ ನಿಮಗೆ ಕೊನೆಯ ಗಂಟೆ ಕೊಡುವ ಲಾಭಕ್ಕಿಂತ, ಮುಂದಿನ ವಾರವಿಡೀ ಕಾಲೆಳೆಯುವಂತೆ ಮಾಡುವ ನಷ್ಟವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಒಂದು ಸಣ್ಣ ತೊಡಕಿದೆ. ಐದು ಶನಿವಾರಗಳಿರುವ ತಿಂಗಳಲ್ಲಿ ನಾಲ್ಕನೆಯ ಶನಿವಾರದಿಂದ ಮುಂದಿನ ಎರಡನೆಯ ಶನಿವಾರಕ್ಕೆ 21 ದಿನಗಳ ಅಂತರ ಬೀಳುತ್ತದೆ. ಅಂಥ ಕಡೆ ನಡುವಿನ ಒಂದು ಭಾನುವಾರವನ್ನು ಉದ್ದದ ಓಟಕ್ಕೆ ಮೊದಲೇ ಕೇಳಿ ಗುರುತಿಸಿಕೊಳ್ಳಿ.

ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ, ಅದು ನಿಮ್ಮ ಪರವಾಗಿಯೇ ಇದೆ. ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ, ಅಂದರೆ 15ರಿಂದ 21ರ ನಡುವೆ ಬರುತ್ತದೆ. ಅಲ್ಲಿಂದ 16 ವಾರ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಕೊನೆಗೆ, ಸರಿಯಾಗಿ ಅರ್ಧವಾರ್ಷಿಕ ಕ್ಲೋಸಿಂಗಿನ ಬಾಗಿಲಿಗೆ ಬಂದು ನಿಲ್ಲುತ್ತೀರಿ, ಅದರ ಆಚೀಚೆಯೇ ದಸರಾ. ಮೈಸೂರಿನಲ್ಲಿ ದಸರಾ ಎಂದರೆ ಮನೆ ತುಂಬ ನೆಂಟರು, ದೀಪಾಲಂಕಾರ ತೋರಿಸಲು ರಾತ್ರಿ ಹನ್ನೊಂದರವರೆಗೆ ತಿರುಗಾಟ, ಬೆಳಗ್ಗೆ ಎದ್ದರೆ ಎಲ್ಲರಿಗೂ ಕಾಫಿ. ಪಟ್ಟಿ ಮೊದಲ ವಾರದಲ್ಲಿಯೇ ಮುರಿದು ಬೀಳಲು ಇಷ್ಟು ಸಾಕು. ಆದ್ದರಿಂದ ಗಂಭೀರ ತಯಾರಿಯನ್ನು ದಸರಾ ಮುಗಿದ ಮರುವಾರದಿಂದ ಎಣಿಸಿ, ಕ್ಲೋಸಿಂಗ್ ಮತ್ತು ದಸರಾದ ವಾರಗಳಲ್ಲಿ ಇಕ್ಕಟ್ಟಿನ ವಾರದ ಎರಡು ಓಟಗಳಲ್ಲಿಯೇ ತೃಪ್ತರಾಗಿರಿ. ಆ ಕಡೆ ಡಿಸೆಂಬರ್ 31ರ ಕ್ಲೋಸಿಂಗ್, ಮ್ಯಾರಥಾನಿಗೆ ಎರಡರಿಂದ ಮೂರು ವಾರ ಮುಂಚೆ ಬೀಳುತ್ತದೆ. ಮ್ಯಾರಥಾನಿಗೆ ಮುನ್ನಿನ ಕೊನೆಯ ಎರಡು ಮೂರು ವಾರ ಓಟದ ಪ್ರಮಾಣವನ್ನು 40ರಿಂದ 60 ಪ್ರತಿಶತದಷ್ಟು ಇಳಿಸಿ ವೇಗದ ತುಣುಕುಗಳನ್ನು ಮಾತ್ರ ಉಳಿಸಿಕೊಳ್ಳುವ ಕ್ರಮ, ಓಟಗಾರರು ಟೇಪರ್ ಎನ್ನುವುದು, ಹೇಗೂ ಮಾಡಬೇಕಾದದ್ದೇ. ಕ್ಲೋಸಿಂಗಿನ ಗಡಿಬಿಡಿಯ ವಾರವನ್ನು ಅದರ ಮೊದಲ ವಾರವೆಂದು ಈಗಲೇ ಬರೆದುಕೊಂಡುಬಿಡಿ. ಶಾಖೆಯಲ್ಲಿ ರಾತ್ರಿ ಒಂಬತ್ತಾದರೂ ಆಗ ನಿಮಗೆ ಪಾಪಪ್ರಜ್ಞೆ ಕಾಡುವುದಿಲ್ಲ. ನಿಜವಾದ ದುಡಿಮೆ ಇರುವುದು ಇವೆರಡರ ನಡುವಿನ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೂರನೇ ವಾರದವರೆಗೆ ಮಾತ್ರ.

ಮನೆಯ ಅಸಮಾಧಾನಕ್ಕೆ ಬರೋಣ. ನಾನು ಕಂಡಂತೆ ಓಟಗಾರರ ಮನೆಗಳಲ್ಲಿ ಜಗಳ ಏಳುವುದು ಬೆಳಗಿನ ಎರಡು ಗಂಟೆಗಳಿಗಾಗಿ ಅಲ್ಲ, ಆಮೇಲಿನ ಎಂಟು ಗಂಟೆಗಳಿಗಾಗಿ. ಒಂಬತ್ತಕ್ಕೆ ಬೆವರಿಳಿಸುತ್ತಾ ಬಂದವರು, ಒದ್ದೆ ಬಟ್ಟೆ ಕುರ್ಚಿಯ ಮೇಲೆ, ಶೂ ಹೊಸಿಲಲ್ಲಿ, ನಾಲ್ಕು ದೋಸೆ ತಿಂದು, ಮಧ್ಯಾಹ್ನದವರೆಗೆ ಸೋಫಾದ ಮೇಲೆ ಫೋನಿನಲ್ಲಿ ಓಟ ದಾಖಲಿಸುವ ಸ್ಟ್ರಾವಾ ಆ್ಯಪ್ ನೋಡುತ್ತಾ ಮಲಗುತ್ತಾರೆ. ಸಂತೆಗೆ ಹೋಗುವವರು ಯಾರು, ತಂದೆಯವರನ್ನು ರಕ್ತ ಪರೀಕ್ಷೆಗೆ ಕರೆದೊಯ್ಯುವವರು ಯಾರು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರುವುದಿಲ್ಲ. ಉದ್ದದ ಓಟದ ನಂತರ ಅರ್ಧ ಗಂಟೆ ಕಣ್ಣು ಮುಚ್ಚಿ, ಅದು ನಿಮ್ಮ ಹಕ್ಕು. ಅದರ ಮೇಲೆ ಮನೆಯ ಕೆಲಸ ನಿಲ್ಲಬಾರದು. ಅಷ್ಟೂ ಆಗದಷ್ಟು ಸುಸ್ತಾಗಿದ್ದರೆ ನೀವು ಓಡಿದ ವೇಗವೇ ತಪ್ಪು ಎಂದು ತಿಳಿಯಿರಿ.

ಪತ್ನಿಯವರ ಪಾಳಿಯ ಪಟ್ಟಿ ಬಂದ ಮೇಲೆಯೇ ನಿಮ್ಮ ಓಟದ ದಿನಗಳನ್ನು ಬರೆಯಬೇಕು, ಅದಕ್ಕೆ ಮುಂಚೆ ಅಲ್ಲ. ಆಕೆ ರಾತ್ರಿ ಪಾಳಿಯಲ್ಲಿರುವ ವಾರ ಮಗಳ ತಿಂಡಿ, ಡಬ್ಬಿ, ತಂದೆಯವರ ಇನ್ಸುಲಿನ್ ಅಥವಾ ಮಾತ್ರೆ, ಹಾಲು, ನೀರು ಎಲ್ಲವೂ ನಿಮ್ಮದೇ. ಆ ಬೆಳಗ್ಗೆಗಳಲ್ಲಿ ಓಟವಿಲ್ಲ. ಮಗಳು ಟ್ಯೂಷನ್ನಿಗೆ ಹೋಗುವ ಸಂಜೆ ಅವಳನ್ನು ಬಿಟ್ಟು ಅಲ್ಲಿಯೇ 40 ನಿಮಿಷ ಓಡಿ ಕರೆತರುವುದನ್ನು ಅನೇಕ ತಂದೆತಾಯಿಗಳು ಮಾಡುತ್ತಾರೆ, ನಿಮಗೂ ಹೊಂದಬಹುದು. ಪತ್ನಿಯವರಿಗೂ ವಾರದಲ್ಲಿ ಯಾರೂ ಕರೆಯದಿರುವ ಒಂದಷ್ಟು ಗಂಟೆಗಳು ಬೇಕು. ನೀವು ಉದ್ದದ ಓಟಕ್ಕೆ ಮೂರು ಗಂಟೆ ತೆಗೆದುಕೊಂಡ ವಾರ ಆಕೆಗೂ ಮೂರು ಗಂಟೆ ಬಿಡುವು ಸಿಗುವಂತೆ ನೋಡಿಕೊಳ್ಳಿ, ಅದನ್ನು ಆಕೆ ನಿದ್ರೆಗೆ ಬಳಸುವರೋ ಸಂಗೀತಕ್ಕೆ ಬಳಸುವರೋ ಅದು ಆಕೆಯ ಇಷ್ಟ. ಇದನ್ನು ಓಟಕ್ಕೆ ಕೊಡುವ ಲಂಚದಂತೆ ಮಾಡಿದರೆ ತಕ್ಷಣ ಗೊತ್ತಾಗುತ್ತದೆ, ಎಚ್ಚರ. ಮಗಳ ಪೂರ್ವಸಿದ್ಧತಾ ಪರೀಕ್ಷೆಗಳು ಜನವರಿ, ಫೆಬ್ರುವರಿಯ ಸುಮಾರಿಗೆ ಬರುತ್ತವೆ. ಆ ದಿನಾಂಕಗಳು ಪ್ರಕಟವಾದ ದಿನವೇ ಮುಂಬೈ ಪ್ರಯಾಣದೊಂದಿಗೆ ಹೋಲಿಸಿ ನೋಡಿ, ಎರಡೂ ಒಂದರ ಮೇಲೊಂದು ಬಂದರೆ ಮುಂಬೈಯನ್ನು ಬಿಡಿ. ಓಟ ಮುಂದಿನ ವರ್ಷವೂ ನಡೆಯುತ್ತದೆ.

ವೇಗದ ವಿಷಯಕ್ಕೆ ಮರಳುತ್ತೇನೆ. ಸಮಯ ಕಡಿಮೆ ಇರುವವರು ಸಾಮಾನ್ಯವಾಗಿ ಸಿಕ್ಕ 40 ನಿಮಿಷವನ್ನೆಲ್ಲ ಏದುಸಿರಿನಲ್ಲಿ ಓಡುತ್ತಾರೆ, ಇದ್ದ ಹೊತ್ತಿನಲ್ಲಿ ಹೆಚ್ಚು ಲಾಭ ತೆಗೆಯುವ ಲೆಕ್ಕ ಅದು. ನಾರ್ವೆಯಲ್ಲಿ ನೆಲೆಸಿರುವ ಸಂಶೋಧಕ ಸ್ಟೀಫನ್ ಸೀಲರ್ ಅವರು ರೋಯಿಂಗ್, ಸ್ಕೀಯಿಂಗ್, ಸೈಕ್ಲಿಂಗ್, ಓಟದ ಉನ್ನತ ಮಟ್ಟದ ಕ್ರೀಡಾಪಟುಗಳ ತರಬೇತಿಯನ್ನು ಗಮನಿಸಿ, ಅವರ ಅವಧಿಗಳಲ್ಲಿ ಸುಮಾರು 80 ಪ್ರತಿಶತ ಆರಾಮವಾಗಿ ಮಾತನಾಡಬಹುದಾದ ತೀವ್ರತೆಯಲ್ಲಿ ನಡೆಯುತ್ತವೆಂದು ತೋರಿಸಿದರು. ವಾರಕ್ಕೆ ಮೂರೇ ದಿನ ಓಡುವವರಿಗೆ ಆ ಅನುಪಾತವನ್ನು ಅಕ್ಷರಶಃ ಹಚ್ಚಬೇಕೆಂದೇನಿಲ್ಲ, ಆದರೆ ಹಗುರವಾದ ಓಟ ಹಗುರವಾಗಿಯೇ ಇರಬೇಕು ಎಂಬ ಭಾಗ ನಿಮಗೆ ಅವರಿಗಿಂತಲೂ ಹೆಚ್ಚು ಅನ್ವಯಿಸುತ್ತದೆ. ಓಡಿದ ಮೇಲೆ ಅವರು ಮಲಗಬಹುದು, ನೀವು ಕೌಂಟರಿನಲ್ಲಿ ಕೂರಬೇಕು. ಪಕ್ಕದಲ್ಲಿ ಓಡುವವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಹರಟೆ ಹೊಡೆಯಲಾಗದಿದ್ದರೆ ನಿಧಾನಿಸಿ, ಏರು ಬಂದರೆ ನಡೆಯಿರಿ.

ಪೂರ್ಣಾವಧಿಯ ನೌಕರಿಯೊಂದಿಗೆ ದೊಡ್ಡ ಓಟ ಸಾಧ್ಯವೇ ಎಂದು ಯಾರಾದರೂ ಕೇಳಿದರೆ ಓಟದ ಜಗತ್ತು ತೋರಿಸುವ ಹೆಸರು ಜಪಾನಿನ ಯೂಕಿ ಕವಾಉಚಿ ಅವರದು. ಜಪಾನಿನ ಪ್ರಮುಖ ಓಟಗಾರರಲ್ಲಿ ಬಹುತೇಕರು ಕಂಪನಿಗಳ ತಂಡಗಳಲ್ಲಿದ್ದು ದಿನಕ್ಕೆ ಎರಡು ಬಾರಿ ತರಬೇತಿ ಪಡೆಯುವಾಗ, ಕವಾಉಚಿ ಸೈತಾಮಾ ಪ್ರಾಂತ್ಯದ ಸರ್ಕಾರಿ ನೌಕರರಾಗಿ ಶಾಲೆಯ ಕಚೇರಿಯಲ್ಲಿ ದುಡಿಯುತ್ತಾ ದಿನಕ್ಕೊಮ್ಮೆ ಮಾತ್ರ ಓಡುತ್ತಿದ್ದರು. 2018ರ ಏಪ್ರಿಲಿನಲ್ಲಿ ಕೊರೆಯುವ ಮಳೆ ಮತ್ತು ಎದುರುಗಾಳಿಯ ನಡುವೆ ಬಾಸ್ಟನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 58 ಸೆಕೆಂಡಿನಲ್ಲಿ ಗೆದ್ದಾಗಲೂ ಅವರು ನೌಕರಿಯಲ್ಲಿದ್ದರು, ವೃತ್ತಿಪರರಾದದ್ದು ಮರುವರ್ಷ. ಅವರನ್ನು ಅನುಕರಿಸಿ ಎಂದು ನಾನು ಹೇಳುತ್ತಿಲ್ಲ, ಅವರಷ್ಟು ಸ್ಪರ್ಧೆಗಳಲ್ಲಿ ಓಡಿದರೆ ನಿಮ್ಮ ಮಂಡಿ ಉಳಿಯುವುದಿಲ್ಲ. ಗಮನಿಸಬೇಕಾದದ್ದು ಇಷ್ಟೇ: ಕೆಲಸದ ಹೊತ್ತನ್ನು ಅಲುಗಾಡಿಸದೆ, ಉಳಿದ ಒಂದೇ ಅವಧಿಯಲ್ಲಿ ಏನು ಮಾಡಬಹುದೋ ಅದನ್ನು ವರ್ಷಗಟ್ಟಲೆ ತಪ್ಪದೆ ಮಾಡಿದರು.

ಮಂಡಿಯ ಬಗ್ಗೆ ದೂರದಿಂದ ತೀರ್ಪು ಕೊಡುವುದು ಸರಿಯಲ್ಲ. ಮೆಟ್ಟಿಲು ಇಳಿಯುವಾಗ ಮಂಡಿಚಿಪ್ಪಿನ ಸುತ್ತ ಬರುವ ನೋವು ಹೊರೆ ಥಟ್ಟನೆ ಹೆಚ್ಚಿಸಿಕೊಂಡ ಓಟಗಾರರಲ್ಲಿ ಸಾಮಾನ್ಯ, ಬಹಳಷ್ಟು ಸಲ ಎರಡು ಮೂರು ವಾರ ಓಟವನ್ನು ಅರ್ಧಕ್ಕಿಳಿಸಿ ತೊಡೆ ಮತ್ತು ಪಿರ್ರೆಯ ಸ್ನಾಯುಗಳನ್ನು ಬಲಪಡಿಸಿದರೆ ತಗ್ಗುತ್ತದೆ. ಊತ ಇದ್ದರೆ, ಮಂಡಿ ಹಿಡಿದುಕೊಂಡಂತಾದರೆ, ರಾತ್ರಿಯೂ ನೋಯುತ್ತಿದ್ದರೆ ಅಥವಾ ಮೂರು ವಾರದಲ್ಲಿ ಇಳಿಯದಿದ್ದರೆ ಮೂಳೆ ವೈದ್ಯರಿಗೋ ಕ್ರೀಡಾ ಫಿಸಿಯೋಥೆರಪಿಸ್ಟರಿಗೋ ತೋರಿಸಲೇಬೇಕು. ಜಿಮ್ಮಿನ ಎರಡು ದಿನಗಳನ್ನು ಪಟ್ಟಿಯಿಂದ ಹೊಡೆದುಹಾಕಿ. ಅದರ ಬದಲಿಗೆ ವಾರಕ್ಕೆ ಎರಡು ಸಂಜೆ ಮನೆಯಲ್ಲಿಯೇ 15 ನಿಮಿಷ ಸಾಕು. ನೋವು ಬಾರದ ಮಟ್ಟದವರೆಗೆ ನಿಧಾನವಾಗಿ ಬಸ್ಕಿ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿಳಿಸುವುದು, ಅಂಗಾತ ಮಲಗಿ ಒಂದೊಂದೇ ಕಾಲಿನ ಬಲದಿಂದ ಸೊಂಟ ಎತ್ತುವುದು. ಬೆನ್ನಿಗೆ ಮಗಳ ಪುಸ್ತಕಗಳ ಬ್ಯಾಗು ಹಾಕಿಕೊಂಡರೆ ತೂಕಕ್ಕೂ ಕೊರತೆಯಿಲ್ಲ, ಹತ್ತನೇ ತರಗತಿಯ ಬ್ಯಾಗು ಜಿಮ್ಮಿನ ಡಂಬೆಲ್ಲಿಗೆ ಕಡಿಮೆಯೇನಲ್ಲ.

ಆಹಾರಕ್ಕಾಗಿ ಬೇರೆ ಅಡುಗೆ ಮಾಡಿಸಿಕೊಳ್ಳುವ ಓಟಗಾರರು ಮನೆಯವರ ತಾಳ್ಮೆಯನ್ನು ಅನಗತ್ಯವಾಗಿ ಪರೀಕ್ಷಿಸುತ್ತಾರೆ. ಮುದ್ದೆ, ಅನ್ನ, ಸಾರು, ಪಲ್ಯ, ಮೊಸರು ಇವುಗಳಲ್ಲಿ ಓಟಕ್ಕೆ ಬೇಕಾದದ್ದು ಬಹುತೇಕ ಇದೆ, ಪ್ರೋಟೀನಿಗಾಗಿ ಬೇಳೆ, ಕಾಳು, ಹಾಲು, ತಿನ್ನುವವರಾದರೆ ಮೊಟ್ಟೆಯ ಪ್ರಮಾಣವನ್ನು ತುಸು ಹೆಚ್ಚಿಸಿದರಾಯಿತು. ಗಮನ ಬೇಕಾದದ್ದು ಉದ್ದದ ಓಟದ ನಡುವೆ. 90 ನಿಮಿಷ ದಾಟುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುತ್ತದೆ. ಮಧ್ಯಮ ಗಾತ್ರದ ಬಾಳೆಹಣ್ಣೊಂದರಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ, ಅರ್ಧ ಲೀಟರ್ ನೀರಿಗೆ 30 ಗ್ರಾಂ ಬೆಲ್ಲ, ಚಿಟಿಕೆ ಉಪ್ಪು, ನಿಂಬೆರಸ ಸೇರಿಸಿದ ಪಾನಕವೂ ಹೆಚ್ಚು ಕಡಿಮೆ ಅಷ್ಟನ್ನೇ ಕೊಡುತ್ತದೆ. ಮುಂಬೈಯಲ್ಲಿ ಓಡುತ್ತಲೇ ಹೀರಿಕೊಳ್ಳುವ ಕಾರ್ಬೋಹೈಡ್ರೇಟಿನ ಜೆಲ್ ಬಳಸುವ ಯೋಚನೆಯಿದ್ದರೆ ಇಲ್ಲಿಯೇ ಮೂರು ನಾಲ್ಕು ಉದ್ದದ ಓಟಗಳಲ್ಲಿ ಬಳಸಿ ಹೊಟ್ಟೆಗೆ ಒಗ್ಗಿಸಿಕೊಳ್ಳಿ. ಬಾಯಾರಿದಷ್ಟು ಕುಡಿಯಿರಿ. ಭಯದಿಂದ ಕಂಡ ಕಂಡಲ್ಲಿ ನೀರು ಕುಡಿದು ರಕ್ತದ ಸೋಡಿಯಂ ಇಳಿಸಿಕೊಂಡು ಆಸ್ಪತ್ರೆ ಸೇರುವವರು ನಿಧಾನವಾಗಿ ಓಡುವವರಲ್ಲಿಯೇ ಹೆಚ್ಚು. ನೋವಿನ ಮಾತ್ರೆ ನುಂಗಿ ಓಡುವ ಅಭ್ಯಾಸ ನಮ್ಮ ಓಟದ ಗುಂಪುಗಳಲ್ಲಿ ಹೇಗೋ ಹಬ್ಬಿದೆ. ಬಿಸಿಲು, ಬೆವರು, ಐಬುಪ್ರೊಫೆನ್ ಮೂರೂ ಸೇರಿದರೆ ಮೂತ್ರಪಿಂಡಗಳಿಗೆ ಅಪಾಯ, ಅದನ್ನು ಮುಟ್ಟಬೇಡಿ.

ನಲವತ್ತು ದಾಟಿದ್ದೀರಿ, ತಂದೆಯವರಿಗೆ ಸಕ್ಕರೆ ಕಾಯಿಲೆಯಿದೆ. ಆದ್ದರಿಂದ ಗಂಭೀರ ತಯಾರಿಗೆ ಮುನ್ನ ವೈದ್ಯರನ್ನು ಕಂಡು ರಕ್ತದೊತ್ತಡ, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ), ಕೊಲೆಸ್ಟೆರಾಲ್, ಇಸಿಜಿ ಮಾಡಿಸಿಕೊಳ್ಳಿ, ಮುಂದಿನ ಹೃದಯ ಪರೀಕ್ಷೆ ಬೇಕೇ ಎಂಬುದನ್ನು ಅವರೇ ನಿರ್ಧರಿಸಲಿ. ಓಡುವಾಗ ಎದೆ ಬಿಗಿದಂತಾದರೆ, ತಲೆ ಸುತ್ತಿದರೆ, ಮೊದಲಿಲ್ಲದ ಏದುಸಿರು ಬಂದರೆ ಅಲ್ಲಿಯೇ ನಿಲ್ಲಿಸಿ ಅದೇ ದಿನ ತೋರಿಸಿ. ಜ್ವರವಿದ್ದಾಗ ಓಟ ಬೇಡ, ಜ್ವರ ಬಿಟ್ಟ ಮೇಲೂ ಎರಡು ಮೂರು ದಿನ ಬೇಡ.

ಡಿಸೆಂಬರ್ ಎರಡನೇ ಶನಿವಾರವನ್ನು ನಿರ್ಧಾರದ ದಿನವೆಂದು ಇಟ್ಟುಕೊಳ್ಳಿ. ಅಷ್ಟರೊಳಗೆ ಮೂರು ಗಂಟೆಯ ಓಟ ಎರಡಾದರೂ ಆಗಿದ್ದು, ಮರುದಿನ ಮಂಡಿ ಸುಮ್ಮನಿದ್ದರೆ ಮುಂಬೈಗೆ ಹೊರಡಿ. ಆಗದಿದ್ದರೆ ಈ ಬಾರಿ ಹೋಗಬೇಡಿ, ಹೆಸರು ಕೊಟ್ಟ ಹಣಕ್ಕಾಗಿ 42 ಕಿಲೋಮೀಟರ್ ಓಡುವುದು ದುಬಾರಿಯ ವ್ಯವಹಾರ. ಹೋಗುವುದಾದರೆ 1972ರ ಒಲಿಂಪಿಕ್ಸಿನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೊವೆ ಜನಪ್ರಿಯಗೊಳಿಸಿದ, ಓಟದ ನಡುವೆ ಲೆಕ್ಕವಿಟ್ಟು ನಡೆಯುವ ಕ್ರಮವನ್ನು ಮೊದಲ ಕಿಲೋಮೀಟರಿನಿಂದಲೇ ಅನುಸರಿಸಿ. ಒಂಬತ್ತು ನಿಮಿಷ ಓಡಿ ಒಂದು ನಿಮಿಷ ನಡೆದರೂ 5 ಗಂಟೆ 15 ನಿಮಿಷದೊಳಗೆ ಮುಗಿಸಬಹುದು, ಈ ಲಯವನ್ನು ಉದ್ದದ ಓಟಗಳಲ್ಲಿಯೂ ರೂಢಿಸಿಕೊಳ್ಳಿ. ಮೈಸೂರಿನ ತಂಪಿಗೆ ಹೊಂದಿದ ದೇಹಕ್ಕೆ ಮುಂಬೈಯ ಸೆಕೆ ಸೂರ್ಯ ಹುಟ್ಟಿದ ಒಂದು ಗಂಟೆಯೊಳಗೆ ತಿಳಿಯುತ್ತದೆ, ಪೆಡ್ಡರ್ ರಸ್ತೆಯ ಏರು ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಎದುರಾಗುತ್ತದೆ. ಅಲ್ಲಿ ನಡೆಯುವುದೆಂದು ಮುಂಚೆಯೇ ನಿಶ್ಚಯಿಸಿಕೊಂಡಿರಿ. ಸೋಮವಾರ, ಮಂಗಳವಾರ ಎರಡೂ ದಿನಕ್ಕೆ ರಜೆ ಅರ್ಜಿಯನ್ನು ಈಗಲೇ ಕೊಡಿ, ಮತ್ತು ವಾಪಸ್ ರೈಲಿನಲ್ಲಿ ಕೆಳಗಿನ ಬರ್ತ್ ಕಾಯ್ದಿರಿಸಿ. ಆಮೇಲಿನ ಎರಡು ವಾರ ನಡಿಗೆಯ ಹೊರತು ಬೇರೇನೂ ಇಲ್ಲದ ಕಾರಣ, ಮಗಳ ಓದಿಗೆ ಬೆಳಗ್ಗೆ ಐದಕ್ಕೆ ಎಬ್ಬಿಸುವ ಕೆಲಸವನ್ನು ನೀವೇ ವಹಿಸಿಕೊಳ್ಳಬಹುದು.